ಮೊದಲ ಲೋಟದ ಹಾಲು

ಪಿಲಿಗುಂಡಿಯ ಹಾಲಿನ ಸೊಸೈಟಿಯ ಕಂಪ್ಯೂಟರಿಗೆ ಮನುಷ್ಯರಿಗಿರುವಂಥದ್ದೇ ಒಂದು ದುರ್ಬುದ್ಧಿ. ಯಾರೂ ಇಲ್ಲದ ಹೊತ್ತಿನಲ್ಲಿ ಗುಂಡಿ ಒತ್ತಿದರೆ ಒಳ್ಳೆಯ ಮಗುವಿನ ಹಾಗೆ ಏಳುತ್ತದೆ. ಬಾಗಿಲಲ್ಲಿ ಜನ ನಿಂತ ದಿನ ಮಾತ್ರ ಹಟ ಹಿಡಿದು ಮಲಗುತ್ತದೆ. ಅವತ್ತು ಬೆಳಗ್ಗೆ ಕಾಂತಿ ಗುಂಡಿ ಒತ್ತಿದಾಗ ಒಳಗಿನ ಫ್ಯಾನು ಗರ್ರನೆ ತಿರುಗಿತು, ಹಸಿರು ದೀಪ ಹತ್ತಿತು, ಪರದೆ ಕಪ್ಪಗೇ ಉಳಿಯಿತು. ಆಮೇಲೆ ಬೀಪ್, ಬೀಪ್, ಬೀಪ್ ಎಂದು ಒಂದೇ ಸಮನೆ ಕೂಗತೊಡಗಿತು.

ಕಾಂತಿ ಸೊಸೈಟಿಯ ಸೆಕ್ರೆಟರಿ. ಸೆಕ್ರೆಟರಿ ಎಂದರೆ ದೊಡ್ಡ ಹುದ್ದೆ ಎಂದುಕೊಳ್ಳಬೇಕಾಗಿಲ್ಲ. ಕಕ್ಕಿಂಜೆಯಿಂದ ಒಳಕ್ಕೆ ತಿರುಗುವ ದಾರಿಯಲ್ಲಿರುವ ಈ ಒಂದು ಕೋಣೆಯ ಬೀಗ ತೆಗೆಯುವುದು, ಹಾಲು ಅಳೆಯುವುದು, ಪರೀಕ್ಷೆ ಮಾಡುವುದು, ಚೀಟಿ ಕೊಡುವುದು, ಕೊನೆಗೆ ನೆಲ ತೊಳೆಯುವುದು ಎಲ್ಲ ಅವಳದ್ದೇ. ಹಾಲಿನಲ್ಲಿ ಫ್ಯಾಟು ಎಷ್ಟು, ನೀರು ಬೆರೆತಿದೆಯೋ ಇಲ್ಲವೋ ಎಂದು ನೋಡುವ ಮಿಷನೊಂದು ಮೇಜಿನ ಮೇಲಿದೆ. ಪುಟ್ಟ ಲೋಟದಲ್ಲಿ ಹಾಲು ಹಿಡಿದು ಅದರ ಕೊಳವೆಯ ಕೆಳಗಿಟ್ಟರೆ ಸೊರ್ರನೆ ಹೀರಿಕೊಂಡು ಲೆಕ್ಕ ಹೇಳುತ್ತದೆ. ಹೇಳುತ್ತದೆ ಎನ್ನುವುದೂ ಪೂರ್ತಿ ಸರಿಯಲ್ಲ. ಅದರ ಸ್ವಂತ ಪರದೆ ಕೆಟ್ಟು ಬಹಳ ಕಾಲವಾಗಿತ್ತು. ಅದು ಕುಡಿದದ್ದರ ಸುದ್ದಿಯನ್ನು ಪಕ್ಕದ ಕಂಪ್ಯೂಟರೇ ಬಾಯಿಬಿಡಬೇಕು. ಹೊಸದು ಕೊಡಿಸಿ ಎಂದಾಗಲೆಲ್ಲ ಕಮಿಟಿಯವರು ಮುಂದಿನ ಸಭೆಯಲ್ಲಿ ನೋಡುವ ಎನ್ನುತ್ತಿದ್ದರು. ಸಭೆಗಳು ಆದವು, ಚಹಾ ಅವಲಕ್ಕಿಯೂ ಆಯಿತು, ನೋಡಿದವರು ಯಾರೂ ಇಲ್ಲ.

ಬೇರೆ ದಿನವಾಗಿದ್ದರೆ ಇದು ಅಷ್ಟು ದೊಡ್ಡ ಸಂಗತಿಯೂ ಅಲ್ಲ. ಕಂಪ್ಯೂಟರು ಏಳದಿದ್ದರೆ ಎಲ್ಲರಿಗೂ ಹಿಂದಿನ ಹೊತ್ತಿನ ಲೆಕ್ಕವನ್ನೇ ಹಾಕಿ ಹಾಲು ತೆಗೆದುಕೊಳ್ಳುವುದು ಇಲ್ಲಿನ ಪದ್ಧತಿ. ಒಂದು ರಾತ್ರಿಯಲ್ಲಿ ದನ ಬದಲಾಗುವುದಿಲ್ಲವಲ್ಲ. ಆದರೆ ಇವತ್ತು ಸಾಲಿನ ಎದುರು, ಮೇಜಿಗೆ ತಾಗಿಕೊಂಡು ಪೂವಮ್ಮ ನಿಂತಿದ್ದರು. ಅವರ ಹಿಂದಿನ ಹೊತ್ತಿನ ಲೆಕ್ಕದಲ್ಲಿ ನೀರು ನೂರಕ್ಕೆ ಹದಿನಾರು ಎಂದಿತ್ತು.

ನಿನ್ನೆ ಸಂಜೆ ಆದದ್ದು ಅದು. ನಾಲ್ಕೈದು ಮಂದಿ ಹಾಲು ಹಾಕಿ ಹೋಗಿದ್ದರು, ಅಷ್ಟರಲ್ಲಿ ಚಾರ್ಮಾಡಿಯ ಕಡೆಯಿಂದ ಗುಡುಗು ಹೊರಟಿತು. ಅಕ್ಟೋಬರಿನ ಸಂಜೆ ಗುಡುಗು ಕೇಳಿತೆಂದರೆ ಈ ಕಡೆಯವರು ಮೊದಲು ಮಾಡುವ ಕೆಲಸ ಪ್ಲಗ್ಗು ಕೀಳುವುದು. ಟಿ.ವಿ., ಫ್ರಿಜ್ಜು, ಮಿಕ್ಸಿ, ಮೊಬೈಲಿನ ಚಾರ್ಜರು, ಯಾವುದೂ ಗೋಡೆಗೆ ಅಂಟಿಕೊಂಡಿರಬಾರದು. ಕಾಂತಿಯೂ ಸೊಸೈಟಿಯ ಪ್ಲಗ್ಗುಗಳನ್ನೆಲ್ಲ ಒಂದೇ ಎಳೆತಕ್ಕೆ ಎಳೆದು ಹಾಕಿದಳು. ಗುಡುಗು ದೂರವಾದ ಮೇಲೆ ಮತ್ತೆ ಸಿಕ್ಕಿಸಿ ಪೂವಮ್ಮನ ಹಾಲು ಇಟ್ಟಳು. ಪ್ರತಿಯೊಬ್ಬರ ಲೆಕ್ಕವನ್ನೂ ಗಟ್ಟಿಯಾಗಿ ಓದುವುದು ಅವಳ ಕ್ರಮ, ಯಾರಿಗೂ ಸಂಶಯ ಬರಬಾರದೆಂದು. ಹಾಗೆಯೇ ಓದಿದಳು. ಸಾಲಿನಲ್ಲಿ ಯಾರೋ, ಮಳೆಗೆ ಕ್ಯಾನಿನ ಮುಚ್ಚಳ ತೆರೆದಿತ್ತಾ ಹೇಗೆ ಎಂದರು. ಎಲ್ಲರೂ ನಕ್ಕರು. ಪೂವಮ್ಮ ಕ್ಯಾನು ಎತ್ತಿಕೊಂಡು ಹೊರಟುಹೋಗಿದ್ದರು.

ಸೊಸೈಟಿ ಶುರುವಾದ ದಿನದಿಂದ ಹಾಲು ಹಾಕುತ್ತಿರುವ ಹೆಂಗಸು ಅವರು. ನೀರು ಎಂದು ಎರಡನೆಯ ಸಲ ಬಂದರೆ ಆ ಮನೆಯ ಹಾಲನ್ನು ನಿಲ್ಲಿಸಬೇಕೆಂಬ ನಿಯಮ ಗೋಡೆಯ ಮೇಲೆಯೇ ಅಂಟಿಸಿದೆ. ನಿನ್ನೆಯದನ್ನೇ ಇವತ್ತೂ ಹಾಕಿದರೆ ಅದು ಎರಡನೆಯ ಸಲವೇ ಆಗುತ್ತದೆ.

"ಮಿಷನಿಗೆ ಇಟ್ಟು ನೋಡು. ನೋಡದೆ ನನ್ನ ಹಾಲು ಮುಟ್ಟಬೇಡ," ಎಂದರು ಪೂವಮ್ಮ. "ಇವತ್ತು ನಾನೇ ಕರೆದದ್ದು. ಪದ್ಮಯ್ಯನ ಎದುರಿಗೇ ಕರೆದದ್ದು."

ಪದ್ಮಯ್ಯ ಸೊಸೈಟಿಯ ಅಧ್ಯಕ್ಷರು. ಕತ್ತಲು ಹರಿಯುವ ಮೊದಲೇ ಪೂವಮ್ಮ ಅವರ ಮನೆಯಂಗಳದಲ್ಲಿ ನಿಂತು, ಎಬ್ಬಿಸಿ, ತಮ್ಮ ದನದ ಹಟ್ಟಿಗೆ ಕರೆದುಕೊಂಡು ಹೋಗಿದ್ದರು. ಸಾಕ್ಷಿಯಾಗಿ ಹೋಗಿ, ಈಗ ಅವರ ಜೊತೆಗೇ ಬಂದು ನಿಂತ ಅಧ್ಯಕ್ಷರ ಚಪ್ಪಲಿಗೆ ಸೆಗಣಿ ಮೆತ್ತಿತ್ತು, ಚಹಾ ಇನ್ನೂ ಆಗಿರಲಿಲ್ಲ, ಮುಖ ಗಂಟು ಹಾಕಿಕೊಂಡಿತ್ತು.

"ಹೌದು ಮಾರಾಯ್ತಿ, ನೋಡಿದ್ದೇನೆ," ಎಂದರು ಅವರು. "ಒಂದು ತೊಟ್ಟು ನೀರು ಬಿದ್ದಿಲ್ಲ. ಬೇಗ ನೋಡಿ ಮುಗಿಸು ಕಾಂತಿ, ಹಾಲಿನ ವ್ಯಾನು ಬರುವ ಹೊತ್ತಾಯ್ತು."

ಬೇಗ ನೋಡಿ ಮುಗಿಸು ಎಂದರೆ ಮುಗಿಯುವ ಹಾಗಿದ್ದರೆ ಕಾಂತಿಗೇನು ಕಷ್ಟ. ಅವಳು ಗುಂಡಿಯನ್ನು ಒತ್ತಿ ಹಿಡಿದು ಆರಿಸಿದಳು, ಮತ್ತೆ ಒತ್ತಿದಳು. ಬೀಪ್, ಬೀಪ್. ಪ್ಲಗ್ಗು ಕಿತ್ತು ಇನ್ನೊಂದು ತೂತಿಗೆ ಹಾಕಿದಳು. ಬೀಪ್, ಬೀಪ್. ಪರದೆಯ ಹಿಂದಿನ ವೈರನ್ನು ಗಟ್ಟಿಯಾಗಿ ತಿರುಪಿದಳು. ಪೆಟ್ಟಿಗೆಯ ತಲೆಗೆ ಅಂಗೈಯಿಂದ ಒಂದು ಕೊಟ್ಟಳು, ಟಿ.ವಿ.ಗೆ ಕೊಟ್ಟ ಅಭ್ಯಾಸದಿಂದ. ಬೀಪಿನ ದನಿ ಒಂಚೂರು ದೊಡ್ಡದಾದಂತೆ ಕೇಳಿಸಿತು.

ಸಾಲು ಬಾಗಿಲು ದಾಟಿ ರಸ್ತೆಯವರೆಗೆ ಬೆಳೆದಿತ್ತು, ಸಲಹೆಗಳೂ ಅದರೊಂದಿಗೆ ಬೆಳೆದಿದ್ದವು. ಬಿಸಿಯಾಗಿರಬೇಕು, ಸ್ವಲ್ಪ ಬಿಡಿ ಎಂದರೊಬ್ಬರು. ರಾತ್ರಿಯಿಡೀ ತಣ್ಣಗೆ ಮಲಗಿದ್ದಕ್ಕೆ ಬಿಸಿ ಎಲ್ಲಿಂದ ಎಂದರು ಮತ್ತೊಬ್ಬರು. ವೈರಸ್ಸು ಹೊಕ್ಕಿದೆ ಎಂದು ಮೂರನೆಯವರು ತೀರ್ಪು ಕೊಟ್ಟರು. ಮಾತಾಡಿದವರಲ್ಲಿ ಒಬ್ಬರೂ ಕಂಪ್ಯೂಟರು ಮುಟ್ಟಿದವರಲ್ಲ. ಕಾಂತಿಗೆ ಪಿತ್ತ ನೆತ್ತಿಗೇರಿತು, ಆದರೂ ತುಟಿ ಬಿಗಿಹಿಡಿದು ಬೆಳ್ತಂಗಡಿಯ ಸಾಬಿತನಿಗೆ ಫೋನು ಹಚ್ಚಿದಳು. ಈ ತಾಲೂಕಿನ ಅರ್ಧ ಕಂಪ್ಯೂಟರುಗಳ ನಾಡಿ ಹಿಡಿಯುವವನು ಅವನೇ.

"ನಾನು ಮೂಡುಬಿದಿರೆಯ ಬಸ್ಸಿನಲ್ಲಿದ್ದೇನೆ ಕಾಂತಿಯಕ್ಕ," ಎಂದ ಸಾಬಿತ್. "ಅಲ್ಲಿ ಕಾಲೇಜಿನ ಲ್ಯಾಬಿನ ಕೆಲಸ ಉಂಟು. ಸಂಜೆ ಬರ್ತೇನೆ, ಆಗದಾ?"

"ಸಂಜೆ ಬಂದು ಎಂತ ಮಾಡುವುದು? ಇಲ್ಲಿ ಈಗ ಜನ ನಿಂತಿದ್ದಾರೆ."

"ಸರಿ, ಆ ಬೀಪ್ ಒಮ್ಮೆ ಕೇಳಿಸಿ."

ಅವಳು ಮೊಬೈಲನ್ನು ಪೆಟ್ಟಿಗೆಯ ಹತ್ತಿರ ಹಿಡಿದಳು. ಸಾಬಿತ್ ಕೇಳಿಸಿಕೊಂಡ. ಬಸ್ಸಿನ ಹಾರ್ನು ಕಾಂತಿಗೆ ಕೇಳಿಸಿತು.

"ನಿನ್ನೆ ಗುಡುಗಿಗೆ ಪ್ಲಗ್ಗು ಎಳೆದಿರಾ?"

"ಎಳೆಯದೆ ಮತ್ತೆ?"

"ಶಟ್‌ಡೌನ್ ಮಾಡದೆ, ಹಾಗೇ ಎಳೆದಿರಿ. ಜೋರಾಗಿ."

"ಹೌದು. ಆದರೆ ಆಮೇಲೆ ಹಾಕಿದಾಗ ಎದ್ದಿತ್ತಲ್ಲ," ಎಂದಳು ಕಾಂತಿ.

"ನೀವೊಬ್ಬರೇ ಅಲ್ಲ ಅಕ್ಕ, ಎಲ್ಲರೂ ಹಾಗೇ ಮಾಡುವುದು. ಗುಡುಗು ಬಂದ ಮರುದಿನ ನನಗೆ ಉಸಿರಾಡಲಿಕ್ಕೆ ಪುರುಸೊತ್ತು ಇರುವುದಿಲ್ಲ. ಎಳೆಯುವಾಗ ಪೆಟ್ಟಿಗೆ ಕುಲುಕಿ ಒಳಗಿನ ರ‍್ಯಾಮ್ ಸಡಿಲ ಆಗಿ, ರಾತ್ರಿ ತಣ್ಣಗಾದಾಗ ಪೂರ್ತಿ ಕೈಬಿಟ್ಟಿರಬೇಕು. ಪ್ಲಗ್ಗು ತೆಗೆದು, ಪಕ್ಕದ ತಗಡು ಬಿಚ್ಚಿ. ಒಳಗೆ ಹಸಿರು ಪಟ್ಟಿ ಒಂದು ನಿಂತುಕೊಂಡು ಉಂಟು, ಎರಡೂ ಬದಿ ಬಿಳಿ ಕ್ಲಿಪ್ಪು. ಅದನ್ನು ತೆಗೆದು, ಹಳದಿ ಹಲ್ಲುಗಳ ಹಾಗೆ ಉಂಟಲ್ಲ, ಅಲ್ಲಿ ರಬ್ಬರಿನಿಂದ ಉಜ್ಜಿ. ಪೆನ್ಸಿಲ್ ಒರೆಸುವ ರಬ್ಬರು. ಮತ್ತೆ ಟಕ್ ಅನ್ನುವವರೆಗೆ ಒತ್ತಿ ಕೂರಿಸಿ."

ತಗಡು ಬಿಚ್ಚಲು ಸ್ಕ್ರೂಡ್ರೈವರು ಬೇಕು, ಅದು ಸೊಸೈಟಿಯಲ್ಲಿಲ್ಲ. ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು. ಸಾಲಿನಲ್ಲಿದ್ದ ಸಫಿಯಮ್ಮ ಬ್ಯಾಗಿನಿಂದ ಅಡಿಕೆ ತುಂಡು ಮಾಡುವ ಸಣ್ಣ ಕತ್ತಿ ತೆಗೆದುಕೊಟ್ಟರು. ಅದರ ತುದಿಯಿಂದ ತಿರುಗಿಸಿ, ಎರಡು ಸಲ ಜಾರಿ, ಹೆಬ್ಬೆರಳಿಗೆ ಗೀರು ಮಾಡಿಕೊಂಡು ಕಾಂತಿ ತಗಡು ಕಳಚಿದಳು. ಒಳಗೆ ಬೆರಳು ಮುಳುಗುವಷ್ಟು ಧೂಳು, ಮೂಲೆಯಲ್ಲಿ ಇರುವೆಗಳ ಸಂಸಾರ, ಜೊತೆಗೆ ಯಾವ ಕಾಲದ್ದೋ ಹಲ್ಲಿಯ ಮೊಟ್ಟೆಯ ಚಿಪ್ಪು. ಇಷ್ಟು ಜೀವಿಗಳನ್ನು ಸಾಕಿಕೊಂಡು ಇದು ಇಷ್ಟು ದಿನ ಕೆಲಸ ಮಾಡಿದ್ದೇ ದೊಡ್ಡದು ಎಂದು ಅವಳಿಗೆ ಅನಿಸಿತು.

"ಸೊಸೆ ಎಲ್ಲಿ ಪೂವಮ್ಮ, ಎರಡೂ ಕ್ಯಾನು ನೀವೇ ಹೊತ್ತದ್ದಾ?" ಎಂದು ಕೇಳಿದರು ಸಫಿಯಮ್ಮ.

"ಇಲ್ಲ," ಎಂದಷ್ಟೇ ಹೇಳಿ ಪೂವಮ್ಮ ಕಂಪ್ಯೂಟರಿನ ಹೊಟ್ಟೆಯನ್ನೇ ನೋಡುತ್ತ ನಿಂತರು.

ಕಾಂತಿ ಪಟ್ಟಿ ತೆಗೆದು, ಡ್ರಾಯರಿನ ರಬ್ಬರಿನಿಂದ ಉಜ್ಜಿ, ಊದಿ, ಉಸಿರು ಹಿಡಿದು ಒತ್ತಿದಳು. ಟಕ್ ಎಂದಿತು. ಪ್ಲಗ್ಗು ಹಾಕಿ ಗುಂಡಿ ಒತ್ತಿದಳು. ಬೀಪು ಒಂದೇ ಸಲ ಬಂದು ನಿಂತಿತು, ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಸಾಲಿನಲ್ಲಿ ಗೆಲುವಿನ ಗದ್ದಲವಾಯಿತು. ಅಷ್ಟು ಬೇಗ ಬಿಡುವ ಜಾತಿಯೇ ಅದು? ತಾರೀಕು ತಪ್ಪಿದೆ, ಮುಂದೆ ಹೋಗಲು ಎಫ್ ಒಂದು ಎಂಬ ಕೀಲಿ ಒತ್ತಿ ಎಂದು ಹೇಳಿ ಅಲ್ಲೇ ಕಲ್ಲಾಯಿತು. ಕಾಂತಿ ಒತ್ತಿದಳು. ಕಲ್ಲು ಕದಲಲಿಲ್ಲ. ಯಾವತ್ತೋ ಚೆಲ್ಲಿದ ಹಾಲು ಕೀಲಿಯ ಅಡಿಗೆ ಇಳಿದು ಗಟ್ಟಿಯಾಗಿತ್ತು. ಅವಳು ಕತ್ತಿಯ ತುದಿಯಿಂದ ಕೀಲಿ ಎಬ್ಬಿಸಿ, ಕೆರೆದು, ಬಿಸಿನೀರಿನ ಬಟ್ಟೆಯಿಂದ ಒರೆಸಿ, ಮತ್ತೆ ಒತ್ತಿದಳು. ಪರದೆ ನೀಲಿಯಾಯಿತು, ಗಂಟೆ ಬಾರಿಸಿದ ಹಾಗೆ ಸದ್ದು ಬಂತು.

ಆಗ ಕರೆಂಟು ಹೋಯಿತು.

ಕಾಂತಿ ಕುರ್ಚಿಯಲ್ಲಿ ಕುಸಿದು ಎರಡೂ ಕೈಗಳಿಂದ ಹಣೆ ಹಿಡಿದುಕೊಂಡಳು. ಯು.ಪಿ.ಎಸ್ಸಿನ ಬ್ಯಾಟರಿ ಬದಲಿಸಿ ಎಂದು ಅವಳು ಅರ್ಜಿ ಕೊಟ್ಟದ್ದೂ ಮುಂದಿನ ಸಭೆಗೇ ಹೋಗಿತ್ತು. ಅಳು ಬರುವಷ್ಟು ಸಿಟ್ಟು ಬಂತು. ಕಂಪ್ಯೂಟರಿನ ಮೇಲೆ, ಕಮಿಟಿಯ ಮೇಲೆ, ಸತ್ಯ ಹೇಳಬೇಕೆಂದರೆ ಮೇಜಿಗೆ ತಾಗಿ ಕಂಬದಂತೆ ನಿಂತ ಪೂವಮ್ಮನ ಮೇಲೂ.

"ನೋಡಿ ಪೂವಮ್ಮ," ಪದ್ಮಯ್ಯ ದನಿ ತಗ್ಗಿಸಿದರು, "ಎಲ್ಲರದ್ದೂ ನಿನ್ನೆಯದ್ದೇ ಹಾಕುವ. ನಿಮ್ಮದನ್ನು ಸಂಜೆ ನೋಡುವ. ನಿಮ್ಮೊಬ್ಬರಿಂದ ಇಷ್ಟು ಜನರ ಹಾಲು ಹಾಳಾಗುವುದು ಬೇಡ."

"ಅಲ್ಲವಾ ಮತ್ತೆ," ಎಂದಿತು ಸಾಲು. ನಿನ್ನೆ ನಕ್ಕವರೇ ಈಗ ಗೊಣಗತೊಡಗಿದರು.

"ಇವತ್ತು ಬೆಳಗ್ಗಿನ ಹಾಲನ್ನು ಸಂಜೆ ನೋಡುವುದು ಹೇಗೆ?" ಎಂದರು ಪೂವಮ್ಮ. "ಪದ್ಮಯ್ಯ, ನನಗೆ ಇದು ಗೊತ್ತಾಗದೆ ಆಗುವುದಿಲ್ಲ. ನಾನು ಇಲ್ಲಿಂದ ಏಳುವುದಿಲ್ಲ." ಹಾಗೆ ಹೇಳಿ ಅವರು ನಿಜವಾಗಿಯೂ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟರು. ಇನ್ನು ಅವರನ್ನು ದಾಟಿಕೊಂಡು ಒಂದು ಕ್ಯಾನೂ ಒಳಗೆ ಬರುವ ಹಾಗಿರಲಿಲ್ಲ.

ಕರೆಂಟು ಬಂತು. ಕಾಂತಿ ಮತ್ತೆ ಗುಂಡಿ ಒತ್ತಿದಳು. ಬೀಪು ಒಂದೇ. ಬಿಳಿ ಅಕ್ಷರ. ಎಫ್ ಒಂದು. ನೀಲಿ ಪರದೆ. ಮರಳು ಗಡಿಯಾರ ತಿರುಗಿತು, ಮತ್ತೂ ತಿರುಗಿತು. ಕೊನೆಗೆ ಹಾಲಿನ ಲೆಕ್ಕದ ಪುಟ ತೆರೆಯಿತು. ಪಕ್ಕದಲ್ಲಿ ಮಿಷನು ಎಚ್ಚರಗೊಂಡು, ತನ್ನ ಕೊಳವೆ ತಾನೇ ತೊಳೆದುಕೊಳ್ಳಲು ಲೋಟದ ಶುದ್ಧ ನೀರನ್ನು ಹೀರಿ, ಬಕೆಟ್ಟಿಗೆ ಉಗುಳಿತು.

ಕಾಂತಿಯ ಕೈ ಅಭ್ಯಾಸದಂತೆ ಲೋಟಕ್ಕೆ ಹೋಯಿತು. ಹಾಗೆ ತೊಳೆದುಕೊಂಡ ಮೇಲೆ ಕೊಳವೆಯಲ್ಲಿ ಸ್ವಲ್ಪ ನೀರು ಉಳಿಯುತ್ತದೆ. ಅದಕ್ಕೇ ಮೊದಲ ಲೋಟದ ಹಾಲು ಲೆಕ್ಕಕ್ಕಿಲ್ಲ. ಯಾರದ್ದೋ ಒಂದಿಷ್ಟು ಹಾಲು ಹೀರಿಸಿ, ಬಂದ ಲೆಕ್ಕವನ್ನು ಅಳಿಸಿ, ಆಮೇಲೆ ಸಾಲನ್ನು ಕರೆಯಬೇಕು. ಎಷ್ಟೋ ವರ್ಷಗಳಿಂದ ಬೆಳಗ್ಗೆಯೂ ಸಂಜೆಯೂ ಅವಳು ಯೋಚಿಸದೆ ಮಾಡುತ್ತ ಬಂದ ಕೆಲಸ ಅದು.

ಲೋಟ ಹಿಡಿದ ಕೈ ಅಲ್ಲೇ ನಿಂತಿತು.

ನಿನ್ನೆ ಸೊಸೈಟಿ ತೆರೆದಾಗ ಮೊದಲ ಲೋಟ ಚೆಲ್ಲಿದ್ದಳು, ಅದು ಸರಿ. ಆಮೇಲೆ ಗುಡುಗು ಬಂತು. ಪ್ಲಗ್ಗು ಎಳೆದಳು. ಗುಡುಗು ಹೋಯಿತು, ಪ್ಲಗ್ಗು ಹಾಕಿದಳು. ಮಿಷನು ಈಗ ಮಾಡಿದ ಹಾಗೆಯೇ ತೊಳೆದುಕೊಂಡಿರಬೇಕು. ಆಗ ಚೆಲ್ಲಿದ್ದಳೇ? ಇಲ್ಲ. ಸಾಲು ಅವಸರ ಮಾಡುತ್ತಿತ್ತು, ಒಮ್ಮೆ ಚೆಲ್ಲಿಯಾಗಿತ್ತಲ್ಲ ಎಂಬ ಗುಂಗಿನಲ್ಲಿ ನೇರವಾಗಿ ಪೂವಮ್ಮನ ಹಾಲು ಇಟ್ಟಳು. ಪೂವಮ್ಮನ ನಂತರದವರ ಹಾಲಿನಲ್ಲಿ ಒಬ್ಬರದ್ದರಲ್ಲೂ ನೀರಿರಲಿಲ್ಲ.

ಆ ಹದಿನಾರು ಪೂವಮ್ಮನ ಹಟ್ಟಿಯ ನೀರಲ್ಲ, ಈ ಕೊಳವೆಯ ನೀರು. ಅದನ್ನು ಅವಳು ಊರಿಗೆಲ್ಲ ಕೇಳುವ ಹಾಗೆ ಓದಿದ್ದಳು.

ಈಗಲೂ ಸುಲಭದ ದಾರಿಯೊಂದಿತ್ತು. ಸುಮ್ಮನೆ ಒಂದು ಲೋಟ ಹಾಲು ಚೆಲ್ಲಿ, ಪೂವಮ್ಮನ ಹಾಲು ಇಟ್ಟು, ನೀರು ಸೊನ್ನೆ ಎಂದು ಓದಿಬಿಟ್ಟರಾಯಿತು. ಅವರ ಹಾಲು ನಿಲ್ಲುವುದಿಲ್ಲ, ಸೆಕ್ರೆಟರಿಯ ಮರ್ಯಾದೆಯೂ ಹೋಗುವುದಿಲ್ಲ. ಆದರೆ ಅಧ್ಯಕ್ಷರು ಕಾವಲು ನಿಂತ ದಿನ ಮಾತ್ರ ಹಾಲು ಗಟ್ಟಿಯಾಯಿತು ಎಂದು ಇದೇ ಸಾಲು ಮಾತಾಡಿಕೊಳ್ಳುವುದೂ ಅವಳಿಗೆ ಗೊತ್ತಿತ್ತು. ನಿನ್ನೆಯ ನೀರು ಪೂವಮ್ಮನ ಹೆಸರಿಗೆ ಹಾಗೇ ಅಂಟಿಕೊಂಡಿರುತ್ತಿತ್ತು.

ಅವಳು ಮೂಲೆಯಲ್ಲಿದ್ದ ತನ್ನ ಸ್ವಂತ ಕ್ಯಾನನ್ನು ಎಳೆದುಕೊಂಡಳು.

"ಎಂತ ಕಾಂತಿ, ನಿನ್ನದು ಕೊನೆಗಲ್ಲವಾ?" ಎಂದರು ಪದ್ಮಯ್ಯ. ಸೆಕ್ರೆಟರಿಯ ಮನೆಯ ಹಾಲನ್ನು ಎಲ್ಲರದ್ದೂ ಆದ ಮೇಲೆ, ಎಲ್ಲರ ಎದುರು ಅಳೆಯಬೇಕೆಂಬುದು ಸೊಸೈಟಿಯ ಕಟ್ಟಳೆ.

"ಇವತ್ತು ನನ್ನದು ಮೊದಲು," ಎಂದಳು ಕಾಂತಿ. ಲೋಟದಲ್ಲಿ ಹಿಡಿದು ಇಟ್ಟಳು. ಮಿಷನು ಹೀರಿತು. ಪರದೆಯ ಮೇಲೆ ಅಂಕಿ ಬಂತು. ಅವಳು ನಿನ್ನೆಗಿಂತ ಗಟ್ಟಿಯಾಗಿ ಓದಿದಳು. "ಸೆಕ್ರೆಟರಿ ಕಾಂತಿ. ನೀರು ಹದಿನೇಳು."

ಯಾರೋ ನಗಲು ಹೋಗಿ ಕೆಮ್ಮಿದರು. ಕಾಂತಿ ಅದೇ ಕ್ಯಾನಿನಿಂದ ಇನ್ನೊಂದು ಲೋಟ ಹಿಡಿದು ಇಟ್ಟಳು. "ಅದೇ ಹಾಲು. ನೀರು ಸೊನ್ನೆ. ಬೇಕಾದರೆ ಬಂದು ನೋಡಿ."

ಪದ್ಮಯ್ಯ ಬಗ್ಗಿ ಪರದೆ ನೋಡಿದರು, ಕ್ಯಾನಿನೊಳಗೂ ಇಣುಕಿದರು.

"ಮಿಷನ್ ತೊಳೆದ ಮೇಲೆ ಸುರುವಿನ ಲೋಟ ಚೆಲ್ಲಬೇಕು," ಎಂದಳು ಕಾಂತಿ. "ನಿನ್ನೆ ಗುಡುಗಿನ ನಂತರ ನಾನು ಚೆಲ್ಲಲಿಲ್ಲ. ಆ ಸುರುವಿನ ಲೋಟ ಪೂವಮ್ಮಕ್ಕನದ್ದು. ಅವರ ಹಾಲಿನಲ್ಲಿ ನೀರು ಇರಲಿಲ್ಲ."

"ಹೋಗಲಿ, ಮಿಷನಿನ ತಪ್ಪು," ಎಂದರು ಪದ್ಮಯ್ಯ ದೊಡ್ಡ ಮನಸ್ಸು ಮಾಡಿ.

"ಮಿಷನಿನದ್ದಲ್ಲ. ನನ್ನದು."

ಅವಳು ಪೂವಮ್ಮನ ಕ್ಯಾನಿನಿಂದ ಹಾಲು ಹಿಡಿದು ಇಟ್ಟು, ಪೂವಮ್ಮ ಎಂದು ಹೆಸರು ಕೂಗಿ, ನೀರು ಸೊನ್ನೆ ಎಂದು ಓದಿದಳು. ಚೀಟಿ ಹರಿದು ಮೆಟ್ಟಿಲಿನ ಹತ್ತಿರ ಹೋಗಿ ಚಾಚಿದಳು. ಬೈಗುಳಕ್ಕೆ ಅವಳು ತಯಾರಾಗಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು ಕೂಡ.

ಪೂವಮ್ಮ ಚೀಟಿ ಮುಟ್ಟಲಿಲ್ಲ.

"ಸಂಜೆಯ ಹಾಲು ಕರೆಯುವುದು ಸಾತ್ವಿಕಾ," ಎಂದರು. ಸಾತ್ವಿಕಾ ಅವರ ಸೊಸೆ. "ನಿನ್ನೆ ಮನೆಗೆ ಹೋದವಳೇ ಕೇಳಿದೆ, ನೀನು ನೀರು ಹಾಕಿದೆಯಾ ಅಂತ. ಇಲ್ಲ ಅತ್ತೆ ಅಂದಳು. ಹಾಗಾದರೆ ಮಿಷನ್ ಸುಳ್ಳು ಹೇಳ್ತದಾ ಅಂತ ಕೇಳಿದೆ. ಅದಕ್ಕೆ ಪಾಪ ಅವಳು ಎಂತ ಹೇಳುವುದು? ಇವತ್ತು ಸುರುವಿನ ಬಸ್ಸಿಗೆ ವಿಟ್ಲಕ್ಕೆ ಹೋದಳು, ತಾಯಿ ಮನೆಗೆ. ನಾನು ತಡೆಯಲಿಲ್ಲ."

ಸಫಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನನ್ನ ಹೆಸರು ಉಳಿಸಿಕೊಳ್ಳಲಿಕ್ಕೆ ಇವಳು ಕೂತಿದ್ದಾಳೆ ಅಂತ ನೀವೆಲ್ಲ ಎಣಿಸಿದ್ದು," ಎಂದರು ಪೂವಮ್ಮ. "ಅಲ್ಲ. ನಾನೇ ಕರೆದ ಹಾಲು ಸೊನ್ನೆ ಬಂದರೆ, ನಿನ್ನೆ ಹಾಕಿದ್ದು ಅವಳೇ ಅಂತ ಗಟ್ಟಿ ಮಾಡಿಕೊಂಡು ಹೋಗಲಿಕ್ಕೆ ಬಂದದ್ದು."

ಆಗಲೇ ಒಂದು ಲೋಟ ಹಾಲನ್ನು ಬಕೆಟ್ಟಿಗೆ ಚೆಲ್ಲಿ ತೆಪ್ಪಗಿದ್ದಿದ್ದರೆ ಆ ಸೊಸೆಯ ಗತಿ ಏನಾಗುತ್ತಿತ್ತು ಎಂಬುದು ಕಾಂತಿಗೆ ಈಗಷ್ಟೇ ಅರ್ಥವಾಯಿತು. ಅವಳು ಮೊಬೈಲು ತೆಗೆದಳು. "ನಂಬರ್ ಹೇಳಿ ಪೂವಮ್ಮಕ್ಕ. ನಾನು ಮಾತಾಡ್ತೇನೆ. ತಪ್ಪು ನನ್ನದು ಅಂತ ಹೇಳ್ತೇನೆ."

"ಮಿಷನಿನದ್ದು ನಿನ್ನ ತಪ್ಪು," ಎಂದರು ಪೂವಮ್ಮ. "ಅವಳನ್ನು ಹಾಗೆ ಕೇಳಿದ್ದು ನಾನಲ್ಲವಾ."

ಅವರು ತಮ್ಮದೇ ಪುಟ್ಟ ಫೋನು ತೆಗೆದು, ಹಾಲಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಗುಂಡಿ ಒತ್ತಿ ಕಿವಿಗಿಟ್ಟುಕೊಂಡರು. ವ್ಯಾನು ಬಂದು ಹೊರಗೆ ಹಾರ್ನು ಹೊಡೆಯಿತು. ಪದ್ಮಯ್ಯ ಕೈಯೆತ್ತಿ ಅದನ್ನು ಸುಮ್ಮನಿರಿಸಿದರು. ಫೋನು ರಿಂಗಾಗುತ್ತಲೇ ಇತ್ತು. ನಿಂತೇ ಹೋಯಿತೇನೋ ಎನ್ನುವಾಗ ಆ ಕಡೆಯಿಂದ ಎತ್ತಿದರು. ಬಸ್ಸಿನ ಸದ್ದು ಮಾತ್ರ ಹತ್ತಿರ ನಿಂತವರಿಗೂ ಕೇಳಿಸಿತು.

"ಸಾತ್ವಿಕಾ," ಎಂದರು ಪೂವಮ್ಮ. "ಬಂಟ್ವಾಳ ದಾಟಿತಾ ಮಗಾ? ನೀನು ಹಾಕಲಿಲ್ಲ. ನೀನು ಇಲ್ಲ ಅಂದಾಗಲೇ ನಾನು ನಂಬಬೇಕಿತ್ತು."

ಫೋನು ಕಟ್ಟಾಗಲಿಲ್ಲ. ಪೂವಮ್ಮ ಮೆಟ್ಟಿಲಿನಿಂದ ಎದ್ದು, ಎರಡೂ ಕ್ಯಾನುಗಳನ್ನು ಅಲ್ಲೇ ಬಿಟ್ಟು, ಕಿವಿಯಿಂದ ಫೋನು ತೆಗೆಯದೆ ಬಸ್ಸು ನಿಲ್ಲುವ ಕಡೆಗೆ ನಡೆಯತೊಡಗಿದರು.

"ನೀನು ತಿರುಗಿ ಬರುವುದು ಬೇಡ," ಎನ್ನುತ್ತಿದ್ದರು. "ಎಲ್ಲಿದ್ದೀಯೋ ಅಲ್ಲಿ ಇಳಿದು ನಿಲ್ಲು. ನಾನೇ ಬರ್ತೇನೆ."